ಸೈಕಲ್ ಈವೆಂಟಿಗೆ ಎಂಟ್ರಿ ಫೀ ಕಟ್ಟುವ ಮುನ್ನ

ಸೈಕಲ್ ತುಳಿಯಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಬೆಳಗ್ಗೆ ಬೇಗ ಎದ್ದರೆ ಮಧ್ಯಾಹ್ನದೊಳಗೆ ನೂರು ಕಿಲೋಮೀಟರ್ ಮುಗಿಸಿ ಮನೆ ಸೇರಬಹುದು. ಹೀಗಿರುವಾಗ ಅಷ್ಟೇ ದೂರವನ್ನು ನಂಬರ್ ಕಟ್ಟಿಕೊಂಡು ತುಳಿಯಲು ಫೀ ಯಾಕೆ ಕಟ್ಟಬೇಕು ಎಂದು ಹೊಸಬರು ಕೇಳುವುದು ಸಹಜ. ಹತ್ತಾರು ಈವೆಂಟ್ ಮುಗಿಸಿದವರೂ ಫೀ ಏರಿದಾಗಲೆಲ್ಲ ಇದನ್ನೇ ಕೇಳುತ್ತಾರೆ.

ಒಬ್ಬರೇ ಹೊರಟಾಗ ಸಿಗದ ಸಂಗತಿಗಳು ಮೂರು: ವಾಹನಗಳಿಲ್ಲದ ರಸ್ತೆ, ಬಿದ್ದಾಗ ಅಥವಾ ಸೈಕಲ್ ಕೆಟ್ಟು ನಿಂತಾಗ ಬರುವ ನೆರವು, ನಿಮ್ಮದೇ ವೇಗದಲ್ಲಿ ತುಳಿಯುವ ಗುಂಪು. ಇವುಗಳಲ್ಲಿ ಎರಡಾದರೂ ಖಚಿತವಾಗಿ ಸಿಗುವಂತಿದ್ದರೆ ಫೀ ಕಟ್ಟಿ. ಒಂದೇ ಸಿಗುತ್ತದೆ ಎಂದಾದರೆ ಫೀ ತೀರಾ ಕಡಿಮೆಯಿರಬೇಕು. ಟೀಶರ್ಟ್, ಮೆಡಲ್, ಉಡುಗೊರೆಯ ಗೂಡಿ ಬ್ಯಾಗುಗಳ ಬೆಲೆಯನ್ನು ಸೊನ್ನೆ ಎಂದೇ ಹಿಡಿಯಿರಿ. ಅವುಗಳ ಫೋಟೊ ದೊಡ್ಡದಾಗಿ ಹಾಕಿ, ಮಾರ್ಗದ ನಕ್ಷೆಯನ್ನೂ ಸುರಕ್ಷತೆಯ ವಿವರವನ್ನೂ ಮೂಲೆಗೆ ತಳ್ಳಿದ ಪ್ರಕಟಣೆ ಕಂಡರೆ ಅನುಮಾನ ಪಡಬೇಕು.

ದುಡ್ಡು ಹೋಗುವುದೆಲ್ಲಿಗೆ

ಆಯೋಜಕರ ಖರ್ಚಿನಲ್ಲಿ ಹೆಚ್ಚಿನ ಪಾಲು ಸವಾರರ ಸಂಖ್ಯೆಯ ಜೊತೆ ಏರುವುದಿಲ್ಲ. ರಸ್ತೆಗೆ ಅನುಮತಿ, ಪೊಲೀಸ್ ಬಂದೋಬಸ್ತು, ಬ್ಯಾರಿಕೇಡ್, ಆಂಬುಲೆನ್ಸ್, ದಾರಿಯ ಫಲಕಗಳು, ಟೈಮಿಂಗ್ ಯಂತ್ರದ ಬಾಡಿಗೆ, ವಿಮೆ ಎಲ್ಲವೂ ಇದ್ದದ್ದೇ. 120 ಕಿಲೋಮೀಟರ್ ಮಾರ್ಗದಲ್ಲಿ 60 ಅಡ್ಡರಸ್ತೆಗಳಿವೆ ಎಂದುಕೊಳ್ಳಿ. ಬಂದವರು 300 ಜನವಾದರೂ 3000 ಜನವಾದರೂ ಆ 60 ಕಡೆಯೂ ವಾಹನ ತಡೆಯುವ ಮಾರ್ಷಲ್ ನಿಲ್ಲಲೇಬೇಕು. ತಲೆಗಿಷ್ಟು ಎಂದು ಏರುವುದು ನೀರು, ತಿಂಡಿ, ನಂಬರ್, ಸಮಯ ಅಳೆಯುವ ಚಿಪ್, ಮೆಡಲ್, ಆನ್‌ಲೈನ್ ಪಾವತಿಯ ಕಮಿಷನ್ ಇಷ್ಟೇ.

ಈ ಲೆಕ್ಕ ಗೊತ್ತಿದ್ದರೆ ಪ್ರಕಟಣೆಯನ್ನು ಓದುವ ಬಗೆಯೇ ಬೇರೆಯಾಗುತ್ತದೆ. ಕೆಲವೇ ನೂರು ಜನರ ಈವೆಂಟ್, ಉದ್ದನೆಯ ಮಾರ್ಗ, ಕಡಿಮೆ ಫೀ, ಜೊತೆಗೆ ಕೈತುಂಬ ಉಡುಗೊರೆ: ಈ ನಾಲ್ಕೂ ಒಟ್ಟಿಗಿದ್ದರೆ ಒಂದೋ ದೊಡ್ಡ ಪ್ರಾಯೋಜಕರಿದ್ದಾರೆ, ಇಲ್ಲವೇ ಎಲ್ಲೋ ಕತ್ತರಿ ಬಿದ್ದಿದೆ. ಹಾಗೆ ಕತ್ತರಿ ಬೀಳುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಮಾರ್ಷಲ್ ಮತ್ತು ಆಂಬುಲೆನ್ಸ್ ಸಂಖ್ಯೆಗೆ, ಕಾಣುವ ಮೆಡಲಿಗಲ್ಲ. ಇನ್ನು 30 ಕಿಲೋಮೀಟರಿನ ಒಂದೇ ಸುತ್ತನ್ನು ನಾಲ್ಕು ಸಲ ಹಾಕಿಸುವ ಈವೆಂಟನ್ನು ಕೀಳಾಗಿ ನೋಡುವವರಿದ್ದಾರೆ, ಅದು ತಪ್ಪು. ಕಾಯಬೇಕಾದ ಅಡ್ಡರಸ್ತೆಗಳು ಕಾಲು ಭಾಗಕ್ಕಿಳಿಯುತ್ತವೆ, ಅದೇ ಆಂಬುಲೆನ್ಸ್ ಬೇಗ ತಲುಪುತ್ತದೆ, ನೀರಿನ ಜಾಗಕ್ಕೆ ಪ್ರತಿ ಸುತ್ತಿನಲ್ಲೂ ಬರುತ್ತೀರಿ. ತೊಂದರೆ ಒಂದೇ: ಎರಡನೇ ಸುತ್ತಿನಿಂದ ವೇಗದವರು ನಿಧಾನದವರನ್ನು ದಾಟುವ ಗದ್ದಲ. ರಸ್ತೆ ಅಗಲವಿಲ್ಲದಿದ್ದರೆ ಅದು ಅಪಾಯವೇ.

‘ಮುಚ್ಚಿದ ರಸ್ತೆ’ ಎಂದರೆ ಎಷ್ಟು ಮುಚ್ಚಿದೆ?

ಫೀಯ ಬೆಲೆ ನಿರ್ಧಾರವಾಗುವುದು ಬಹುಪಾಲು ಇಲ್ಲಿಯೇ. ರಸ್ತೆಯ ವ್ಯವಸ್ಥೆ ಮೂರು ಥರ ಇರುತ್ತದೆ.

ಮೊದಲನೆಯದು ಪೂರ್ತಿ ಮುಚ್ಚಿದ ರಸ್ತೆ. ನಿಗದಿತ ಹೊತ್ತಿನವರೆಗೆ ಬೇರೆ ವಾಹನಕ್ಕೆ ಪ್ರವೇಶವೇ ಇಲ್ಲ. ಇಟಲಿಯ ಮರಾಟೋನಾ ಡ್ಲೆಸ್ ಡೊಲೊಮಿಟೆಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಉದ್ದನೆಯ ಮಾರ್ಗ 138 ಕಿಲೋಮೀಟರ್, ಏರು 4230 ಮೀಟರ್. ಉಳಿದ ದಿನ ಕಾರು, ಬೈಕುಗಳಿಂದ ಕಿಕ್ಕಿರಿಯುವ ಘಟ್ಟದ ರಸ್ತೆಗಳು ಅಂದು ಬೆಳಗ್ಗೆ ಸೈಕಲ್ಲಿಗೆ ಮಾತ್ರ. ಅದಕ್ಕೇ ಅಲ್ಲಿ ಜಾಗ ಸಿಗುವುದು ಲಾಟರಿಯಲ್ಲಿ. 1993ರಲ್ಲಿ ಶುರುವಾದ ಫ್ರಾನ್ಸಿನ ಲೆತಾಪ್ ದ್ಯು ತೂರ್ ಕೂಡ ಹೀಗೆಯೇ. ಆ ವರ್ಷದ ಟೂರ್ ಡಿ ಫ್ರಾನ್ಸಿನ ಒಂದು ಹಂತವನ್ನು ಸಾಮಾನ್ಯ ಸವಾರರು ಮುಚ್ಚಿದ ರಸ್ತೆಯಲ್ಲಿ ತುಳಿಯುತ್ತಾರೆ. ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ ಎಂಬ ನಂಬಿಕೆಯಿಂದ ತುಳಿಯುವುದು ಎಷ್ಟು ಹಗುರ ಎಂಬುದನ್ನು ತುಳಿದೇ ತಿಳಿಯಬೇಕು. ಇಂಥ ಈವೆಂಟಿಗೆ ಫೀ ಹೆಚ್ಚಿದ್ದರೂ ಕೊಡಬಹುದು, ಏಕೆಂದರೆ ಇದನ್ನು ನೀವಾಗಿ ಏರ್ಪಾಡು ಮಾಡಿಕೊಳ್ಳಲು ಸಾಧ್ಯವೇ ಇಲ್ಲ.

ಎರಡನೆಯದು ಚಲಿಸುವ ತಡೆ. ಮುಂದೊಂದು ಪೈಲಟ್ ವಾಹನ, ಹಿಂದೊಂದು ಕೊನೆಯ ವಾಹನ. ಇವೆರಡರ ನಡುವಿನ ರಸ್ತೆ ಮಾತ್ರ ಮುಚ್ಚಿರುತ್ತದೆ. ಹಿಂದಿನ ವಾಹನ ದಾಟುತ್ತಿದ್ದಂತೆ ರಸ್ತೆ ತೆರೆದುಕೊಳ್ಳುತ್ತದೆ. ಪ್ರಕಟಣೆಯಲ್ಲಿ ಬರೀ ‘ಮುಚ್ಚಿದ ರಸ್ತೆ’ ಎಂದಿದ್ದರೂ ಒಳಗೆ ಇದೇ ಇರಬಹುದು. ಹಾಗಾಗಿ ಆಯೋಜಕರಿಗೆ ಬರೆದು ಕೇಳಬೇಕಾದ ಮೊದಲ ಪ್ರಶ್ನೆ: ಕೊನೆಯ ವಾಹನದ ಸರಾಸರಿ ವೇಗವೆಷ್ಟು? ಅವರು ಗಂಟೆಗೆ 22 ಕಿಲೋಮೀಟರ್ ಎಂದು ಹೇಳಿ, ನಿಮ್ಮ ಸರಾಸರಿ 20 ಇದ್ದರೆ, ಎರಡು ಗಂಟೆ ಕಳೆಯುವ ಹೊತ್ತಿಗೆ ವಾಹನ ನಿಮ್ಮನ್ನು ನಾಲ್ಕು ಕಿಲೋಮೀಟರ್ ಹಿಂದೆ ಬಿಟ್ಟಿರುತ್ತದೆ. ಅಲ್ಲಿಂದ ಮುಂದೆ ನೀವು ಫೀ ಕಟ್ಟಿಯೂ ಸಾಮಾನ್ಯ ಟ್ರಾಫಿಕ್ಕಿನಲ್ಲಿ ಇದ್ದೀರಿ, ಇಲ್ಲವೇ ಹಿಂದುಳಿದವರನ್ನೂ ಅವರ ಸೈಕಲ್ಲನ್ನೂ ಹೊತ್ತ ಬಸ್ಸಿನಲ್ಲಿ ಕೂತಿದ್ದೀರಿ.

ಮೂರನೆಯದು ತೆರೆದ ರಸ್ತೆ. ದೊಡ್ಡ ಸರ್ಕಲ್‌ಗಳಲ್ಲಿ ಮಾತ್ರ ಮಾರ್ಷಲ್ ಇರುತ್ತಾರೆ, ಸಂಚಾರ ನಿಯಮ ಎಲ್ಲರಿಗೂ ಅನ್ವಯ, ಕೆಂಪು ದೀಪಕ್ಕೆ ನಿಲ್ಲಲೇಬೇಕು. ಇದರಲ್ಲಿ ತಪ್ಪೇನಿಲ್ಲ. ಆದರೆ ತೆರೆದ ರಸ್ತೆಯಲ್ಲಿ ಚಿಪ್ ಹಾಕಿ, ಸಮಯ ಅಳೆದು, ರ‍್ಯಾಂಕ್ ಪಟ್ಟಿ ಹಾಕಿ, ಬಹುಮಾನವನ್ನೂ ಕೊಡುವ ಈವೆಂಟುಗಳಿಂದ ದೂರವಿರಿ ಎಂದು ಖಂಡಿತವಾಗಿ ಹೇಳಬೇಕು. ಸಿಗ್ನಲ್ ಹಾರಿದವರಿಗೆ ಬಹುಮಾನ ಸಿಗುವಂಥ ವ್ಯವಸ್ಥೆ ಅದು. ಏರುಹಾದಿಯ ತುಂಡುಗಳನ್ನು ಮಾತ್ರ ಅಳೆದು ಇಳಿಜಾರನ್ನೂ ಊರೊಳಗಿನ ಭಾಗವನ್ನೂ ಲೆಕ್ಕಕ್ಕೆ ಹಿಡಿಯದ ಆಯೋಜಕರಿದ್ದಾರೆ. ಇಳಿಜಾರಿನಲ್ಲಿ ಪ್ರಾಣ ಒತ್ತೆಯಿಟ್ಟು ಓಡಿಸಲು ಆಗ ಯಾರಿಗೂ ಕಾರಣವಿರುವುದಿಲ್ಲ. ಅಂಥವರು ಯೋಚನೆ ಮಾಡಿದ್ದಾರೆ ಎಂದು ಗೊತ್ತಾಗುತ್ತದೆ.

ಗುಂಪಿನಲ್ಲಿ ತುಳಿಯುವ ಲಾಭ

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ದಾಟಿದ ಮೇಲೆ ಕಾಲಿನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲು ಖರ್ಚಾಗುತ್ತದೆ. ಗಾಳಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 30ರಿಂದ 33ಕ್ಕೆ ಹೋದರೆ ವೇಗ ಹೆಚ್ಚಿದ್ದು ಹತ್ತನೇ ಒಂದು ಭಾಗ, ಗಾಳಿಗೆ ತೆರುವ ಶಕ್ತಿ ಹೆಚ್ಚಿದ್ದು ಸುಮಾರು ಮೂರನೇ ಒಂದು ಭಾಗ. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ತುಳಿದರೆ ಒಟ್ಟು ಶ್ರಮದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಉಳಿಯುತ್ತದೆ. ದೊಡ್ಡ ಗುಂಪಿನ ನಡುವೆ ಇನ್ನೂ ಹೆಚ್ಚು. ಒಬ್ಬರೇ 27ರಲ್ಲಿ ತುಳಿದು ಸುಸ್ತಾಗುವವರು ಗುಂಪಿನಲ್ಲಿ 30, 31ರಲ್ಲಿ ಆರಾಮಾಗಿ ಸಾಗುವುದು ಇದೇ ಕಾರಣಕ್ಕೆ. ಕಡಿದಾದ ಏರಿನಲ್ಲಿ, ಗಂಟೆಗೆ 12 ಕಿಲೋಮೀಟರಿನ ವೇಗದಲ್ಲಿ, ಈ ಲಾಭ ಹೆಚ್ಚುಕಡಿಮೆ ಇಲ್ಲ.

ಆದ್ದರಿಂದ ಸಮತಟ್ಟು, ಗಾಳಿ ಬೀಸುವ ಮಾರ್ಗದ ಈವೆಂಟಿನಲ್ಲಿ ಜನ ಹೆಚ್ಚಿದ್ದಷ್ಟೂ ನಿಮ್ಮ ಫೀಗೆ ಬೆಲೆ ಬರುತ್ತದೆ. ಬರೀ ಘಟ್ಟದ ಮಾರ್ಗವಾದರೆ ಗುಂಪಿನ ಆಸೆಗೆ ಫೀ ಕಟ್ಟುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಒಂದು ಷರತ್ತಿದೆ: ಗುಂಪಿನಲ್ಲಿ ತುಳಿಯಲು ಮೊದಲೇ ಕಲಿತಿರಬೇಕು. ಅಪಘಾತ ಆಗುವ ರೀತಿ ಹೆಚ್ಚಾಗಿ ಒಂದೇ. ಹಿಂದಿನವರ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಬಂದಿರುತ್ತದೆ, ಮುಂದಿನವರು ಗುಂಡಿ ತಪ್ಪಿಸಲು ಒಂದು ಗೇಣು ಸರಿಯುತ್ತಾರೆ, ಚಕ್ರಕ್ಕೆ ಚಕ್ರ ತಾಗುತ್ತದೆ. ಮುಂದಿನವರಿಗೆ ಏನೂ ಆಗುವುದಿಲ್ಲ. ಹಿಂದಿನವರ ಹ್ಯಾಂಡಲ್ ತಿರುಗಿ ನೆಲಕ್ಕೆ ಬೀಳುತ್ತಾರೆ, ಅವರ ಹಿಂದಿದ್ದವರು ಅವರ ಮೇಲೆ. ನಾಲ್ಕೈದು ಜನರ ಜೊತೆ ಕೆಲವು ವಾರ ಅಭ್ಯಾಸ ಮಾಡಿ. ಹಿಂಚಕ್ರದ ನೇರಕ್ಕೇ ಇರುವುದು, ದಿಢೀರ್ ಬ್ರೇಕ್ ಹಿಡಿಯದಿರುವುದು, ಗುಂಡಿಗೆ ಕೈತೋರಿಸುವುದು ಮೈಗೆ ಹತ್ತಬೇಕು. ಸಾವಿರಾರು ಜನರನ್ನು ಒಂದೇ ಸಲ ಬಿಡುವ ಈವೆಂಟಿಗಿಂತ, ನಿಮ್ಮ ವೇಗ ಕೇಳಿ ತಂಡತಂಡವಾಗಿ ಕೆಲವು ನಿಮಿಷಗಳ ಅಂತರದಲ್ಲಿ ಬಿಡುವ ಈವೆಂಟ್ ಎಷ್ಟೋ ಸುರಕ್ಷಿತ. ವೇಗ ಕೇಳಿದಾಗ ನಿಜ ಹೇಳಿ. ಮುಂದಿನ ತಂಡಕ್ಕೆ ನುಸುಳಿದರೆ ಮೊದಲ 20 ಕಿಲೋಮೀಟರಿನಲ್ಲೇ ಕಾಲು ಖಾಲಿಯಾಗಿ, ಉಳಿದ ದೂರವನ್ನು ಒಬ್ಬರೇ ಗಾಳಿಗೆ ಎದುರಾಗಿ ತುಳಿಯಬೇಕಾಗುತ್ತದೆ.

ನೀರು, ತಿಂಡಿ ಮತ್ತು ನಿಮ್ಮ ವೇಗ

ದಾರಿಯಲ್ಲಿ ನೀರು, ತಿಂಡಿ ಕೊಡುವ ಫೀಡ್ ಸ್ಟೇಷನ್ನುಗಳ ಸಂಖ್ಯೆ ನೋಡಿ ಸಮಾಧಾನಪಡಬೇಡಿ, ಅವುಗಳ ನಡುವಿನ ದೂರವನ್ನು ನಿಮ್ಮ ವೇಗದಿಂದ ಭಾಗಿಸಿ. 40 ಕಿಲೋಮೀಟರ್ ಅಂತರವಿದ್ದರೆ 28ರ ವೇಗದವರಿಗೆ ಅದು ಒಂದೂವರೆ ಗಂಟೆಗಿಂತ ಕಡಿಮೆ, ಏರಿನಲ್ಲಿ 16ರ ಸರಾಸರಿಯವರಿಗೆ ಎರಡೂವರೆ ಗಂಟೆ. ಬಿಸಿಲಿನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ನೀರು ಬೇಕೆಂದರೆ ಮೊದಲನೆಯವರಿಗೆ ಒಂದು ಲೀಟರಿನ ಆಸುಪಾಸು ಸಾಕು. ಎರಡನೆಯವರಿಗೆ ಬೇಕಾದ್ದು ಹೆಚ್ಚುಕಡಿಮೆ ಎರಡು ಲೀಟರ್. ಸೈಕಲ್ಲಿನ ಎರಡು ದೊಡ್ಡ ಬಾಟಲಿಗಳಲ್ಲಿ ಹಿಡಿಯುವುದೇ ಒಂದೂವರೆ ಲೀಟರ್. ಅಂದರೆ ಒಂದೇ ವ್ಯವಸ್ಥೆ ವೇಗದವರಿಗೆ ಧಾರಾಳ, ನಿಧಾನದವರಿಗೆ ಸಾಲದು. ಎಷ್ಟೋ ಈವೆಂಟುಗಳಲ್ಲಿ ಕೊನೆಗೆ ಬಂದವರಿಗೆ ಬಾಳೆಹಣ್ಣಿನ ಸಿಪ್ಪೆ ಮಾತ್ರ ಉಳಿದಿರುತ್ತದೆ. ನೀರು ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುವುದು ಅನ್ಯಾಯ. ಪ್ರತಿ ಸ್ಟೇಷನ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಮುಂಚೆಯೇ ಪ್ರಕಟಿಸುವ ಆಯೋಜಕರನ್ನು ನಂಬಬಹುದು.

ಎರಡು ಗಂಟೆ ಮೀರಿದ ಸವಾರಿಗೆ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಅದು ಎರಡು ಮೂರು ಬಾಳೆಹಣ್ಣಿಗೆ ಸಮ. ಮೊದಲ ಎರಡು ಗಂಟೆಗಾಗುವಷ್ಟನ್ನು ಜೇಬಿನಲ್ಲೇ ಇಟ್ಟುಕೊಂಡು ಹೊರಡಿ. ಸ್ಟೇಷನ್ನಿನಲ್ಲಿ ಕೊಡುವ ಜೆಲ್, ಪುಡಿಗಳ ಬ್ರ್ಯಾಂಡ್ ಯಾವುದೆಂದು ವಿಚಾರಿಸಿ, ಅಭ್ಯಾಸದ ದಿನಗಳಲ್ಲೇ ತಿಂದು ನೋಡಿ. ಹೊಟ್ಟೆ ಕೆಡುವುದು ಹೆಚ್ಚಾಗಿ ಅಂದೇ ಮೊದಲ ಸಲ ತಿಂದ ಪದಾರ್ಥದಿಂದ.

ಕಾಲಮಿತಿಯ ಲೆಕ್ಕ

160 ಕಿಲೋಮೀಟರಿಗೆ 8 ಗಂಟೆ ಎಂದು ನಿಯಮ ಪುಟದಲ್ಲಿದೆ. 20ರ ಸರಾಸರಿ, ಆದೀತು ಅನ್ನಿಸುತ್ತದೆ. ಈಗ ಬಿಡಿಸಿ ನೋಡಿ. ನಾಲ್ಕು ಸ್ಟೇಷನ್ನುಗಳಲ್ಲಿ ತಲಾ 10 ನಿಮಿಷ ನಿಂತರೆ 40 ನಿಮಿಷ ಹೋಯಿತು. ಉಳಿದದ್ದು 7 ಗಂಟೆ 20 ನಿಮಿಷ, ತುಳಿಯಬೇಕಾದ ಸರಾಸರಿ 21.8. ಗಡಿಯಾರ ಶುರುವಾಗುವುದು ಮೊದಲ ತಂಡ ಹೊರಟಾಗ, ನಿಮ್ಮದು ಕೊನೆಯ ತಂಡ, ಮತ್ತೂ 40 ನಿಮಿಷ ತಡ ಎಂದಾದರೆ ಕೈಯಲ್ಲಿ ಉಳಿಯುವುದು 6 ಗಂಟೆ 40 ನಿಮಿಷ. ಬೇಕಾದ ಸರಾಸರಿ 24. ಪುಟದಲ್ಲಿ ಕಂಡ 20ಕ್ಕೂ ಈ 24ಕ್ಕೂ ಅಜಗಜಾಂತರ. ಹಾಗಾಗಿ ಕಾಲಮಿತಿಯನ್ನು ಲೆಕ್ಕ ಹಿಡಿಯುವುದು ಗನ್ ಟೈಮಿನಿಂದಲೋ (ಅಂದರೆ ಮೊದಲ ತಂಡ ಹೊರಟ ಹೊತ್ತಿನಿಂದ) ನಿಮ್ಮ ಚಿಪ್ ಹೊರಡುವ ಗೆರೆಯಲ್ಲಿ ಹಾಸಿದ ಮೊದಲ ಮ್ಯಾಟ್ ದಾಟಿದ ಕ್ಷಣದಿಂದಲೋ ಎಂದು ಕೇಳಿ ತಿಳಿದುಕೊಳ್ಳಿ. ಘಟ್ಟದ ಬುಡದಲ್ಲಿ ನಡುವಿನ ಕಟ್-ಆಫ್, ಅಂದರೆ ಇಷ್ಟು ಹೊತ್ತಿನೊಳಗೆ ದಾಟಬೇಕೆಂಬ ಮಿತಿ, ಏನಾದರೂ ಇದೆಯೇ ಎಂಬುದನ್ನೂ ನೋಡಿ. ಸವಾರರು ಹೆಚ್ಚಾಗಿ ಹೊರಬೀಳುವುದು ಅಲ್ಲೇ. ಅಭ್ಯಾಸದಲ್ಲಿ 110ರಿಂದ 120 ಕಿಲೋಮೀಟರನ್ನು ಆ ಸರಾಸರಿಯಲ್ಲಿ ಮುಗಿಸಲು ಆಗದಿದ್ದರೆ ಚಿಕ್ಕ ದೂರಕ್ಕೆ ಹೆಸರು ಕೊಡಿ.

ಚಿಪ್ಪಿನ ಬಗ್ಗೆ ಒಂದು ಮಾತು. ನಂಬರ್ ಪ್ಲೇಟಿನ ಹಿಂದೆ ಅಂಟಿಸಿರುವ ತೆಳು ಆರ್‌ಎಫ್‌ಐಡಿ ಪಟ್ಟಿಯಲ್ಲಿ ಬ್ಯಾಟರಿ ಇರುವುದಿಲ್ಲ, ಮ್ಯಾಟಿನ ಆಂಟೆನಾ ಕೊಡುವ ಅಲೆಯಿಂದಲೇ ಅದು ಉತ್ತರಿಸಬೇಕು. ಲೋಹಕ್ಕೆ ಒತ್ತಿಕೊಂಡಿದ್ದರೆ, ಮಡಚಿದ್ದರೆ ಅಥವಾ ನೀರಿನ ಬ್ಯಾಗಿನ ಹಿಂದೆ ಮರೆಯಾಗಿದ್ದರೆ ಓದಿಕೊಳ್ಳುವುದಿಲ್ಲ. ಪ್ಲೇಟನ್ನು ಹ್ಯಾಂಡಲ್ ಬಾರಿನ ಮುಂದೆ ಚಪ್ಪಟೆಯಾಗಿ ಕಟ್ಟಿ, ಕೇಬಲ್ ಟೈ ಆ ಪಟ್ಟಿಯ ಮೇಲೆ ಹಾದುಹೋಗದಂತೆ ನೋಡಿಕೊಳ್ಳಿ.

ನೆರವು ಎಂಬುದರ ವ್ಯಾಪ್ತಿ

ಮೆಕ್ಯಾನಿಕ್ ಇದ್ದಾರೆ ಎಂದರೆ ಪಂಪ್, ಅಲೆನ್ ಕೀ, ಚೈನ್ ಟೂಲ್, ಸಾಮಾನ್ಯ ಅಳತೆಯ ಟ್ಯೂಬುಗಳು ಇವೆ ಎಂದಷ್ಟೇ ಅರ್ಥ. ಗೇರ್ ಬದಲಿಸುವ ಡಿರೇಲರನ್ನು ನಿಮ್ಮ ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಅವರ ಬಳಿ ಇರುವುದು ಅಪರೂಪ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಸೈಕಲ್ ಬಲಮಗ್ಗುಲಿಗೆ ಬಿದ್ದರೆ ಮೊದಲು ಬಗ್ಗುವುದೂ ಅದೇ. ಕಿರುಬೆರಳಿನಷ್ಟು ದೊಡ್ಡದಾದ ಆ ತುಂಡನ್ನು ಒಂದು ಹೆಚ್ಚುವರಿಯಾಗಿ ಸೀಟಿನ ಚೀಲದಲ್ಲಿಟ್ಟರೆ ಫೀ, ಪ್ರಯಾಣ, ತಿಂಗಳುಗಳ ಅಭ್ಯಾಸ ಎಲ್ಲ ಉಳಿಯುತ್ತದೆ. ಜೊತೆಗೆ ಎರಡು ಟ್ಯೂಬು, ಟೈರ್ ಲಿವರ್, ಚೈನಿನ ಕ್ವಿಕ್ ಲಿಂಕ್. ಚೈನ್ ಸವೆದು 0.75 ಶೇಕಡಾ ಉದ್ದವಾಗಿದ್ದರೆ ಈವೆಂಟಿಗೆ ಎರಡು ವಾರ ಮುಂಚೆಯೇ ಬದಲಿಸಿ. ಹಿಂದಿನ ದಿನ ಬದಲಿಸಿದರೆ ಹಿಂಚಕ್ರದ ಹಲ್ಲುಚಕ್ರಗಳ ಗುಂಪಾದ ಹಳೆಯ ಕ್ಯಾಸೆಟ್ಟಿನ ಮೇಲೆ ಜಾರಿ ಏರಿನಲ್ಲಿ ಕೈಕೊಡಬಹುದು.

ವಿಮೆಯ ಸಾಲನ್ನು ಎರಡು ಸಲ ಓದಿ. ಆಯೋಜಕರ ವಿಮೆ ಬಹಳ ಸಲ ಮೂರನೆಯವರಿಗೆ ಆಗುವ ಹಾನಿಗೆ ಮಾತ್ರ. ನಿಮ್ಮ ಮೂಳೆ ಮುರಿದರೆ ಆಸ್ಪತ್ರೆಯ ಖರ್ಚು ನಿಮ್ಮದೇ. ಸವಾರರ ಅಪಘಾತ ವಿಮೆಯೂ ಫೀಯಲ್ಲಿ ಸೇರಿದ್ದರೆ ಅದು ಫೀಯ ನಿಜವಾದ ಭಾಗ, ಲೆಕ್ಕಕ್ಕೆ ಹಿಡಿಯಿರಿ.

ಕಡಿಮೆ ಫೀಯ ಇನ್ನೊಂದು ದಾರಿ: ಬ್ರೆವೆ

ಮುಚ್ಚಿದ ರಸ್ತೆ ಬೇಡ, ದೂರ ಮುಗಿಸುವ ಸವಾಲು ಬೇಕು ಎನ್ನುವವರಿಗೆ ಬ್ರೆವೆ ಇದೆ. ಆಡಾಕ್ಸ್ ಕ್ಲಬ್ ಪಾರಿಸಿಯೆನ್ ಎಂಬ ಫ್ರಾನ್ಸಿನ ಸೈಕಲ್ ಕ್ಲಬ್ಬಿನ ನಿಯಮಗಳಡಿ ನಡೆಯುವ ಈ ಸವಾರಿಗಳಲ್ಲಿ ರ‍್ಯಾಂಕ್ ಇಲ್ಲ, ಬೆಂಬಲ ವಾಹನ ಇಲ್ಲ. ದಾರಿಯುದ್ದಕ್ಕೂ ನಿಮ್ಮ ಊಟ, ನೀರು, ರಿಪೇರಿ ನಿಮ್ಮದೇ. ಕಂಟ್ರೋಲ್‌ಗಳಲ್ಲಿ (ದಾರಿಯಲ್ಲಿ ಗೊತ್ತುಮಾಡಿದ ತಪಾಸಣೆಯ ಜಾಗಗಳು) ಹಾಜರಿ ದಾಖಲಿಸಿ ಮುಂದೆ ಹೋಗಬೇಕು. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ. 200ರ ಬ್ರೆವೆಗೆ ನಿಲುಗಡೆಯೂ ಸೇರಿ 14.8ರ ಸರಾಸರಿ ಸಾಕು. ಮಿತಿಯೊಳಗೆ ಮುಗಿಸಿದ ಎಲ್ಲರೂ ಸಮಾನರು.

ಇಲ್ಲಿ ಆಯೋಜಕರ ಖರ್ಚು ಕಡಿಮೆ, ಹಾಗಾಗಿ ಫೀಯೂ ಕಡಿಮೆ. ಆ ಸಣ್ಣ ಮೊತ್ತಕ್ಕೆ ಸಿಗುವುದು ಪರೀಕ್ಷಿಸಿದ ಮಾರ್ಗ, ಅಧಿಕೃತ ದಾಖಲೆ ಮತ್ತು ದೊಡ್ಡ ಸವಾರಿಗಳಿಗೆ ಅರ್ಹತೆ. 1891ರಲ್ಲಿ ರೇಸ್ ಆಗಿ ಶುರುವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1200 ಕಿಲೋಮೀಟರಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಬೇಕಾದರೆ ಅದೇ ವರ್ಷ 200, 300, 400, 600ರ ಸರಣಿ ಮುಗಿಸಿರಬೇಕು. ದುಡ್ಡಿಗೆ ತಕ್ಕ ಸವಾರಿ ಎಂದು ಕೇಳಿದರೆ ಬ್ರೆವೆಗೆ ಸಾಟಿಯಿಲ್ಲ. ಆದರೆ ಟ್ಯೂಬ್ ಬದಲಿಸಲು ಬಾರದವರಿಗೆ, ರಾತ್ರಿ ತುಳಿದು ಅಭ್ಯಾಸವಿಲ್ಲದವರಿಗೆ ಮೊದಲ ಈವೆಂಟ್ ಆಗಿ ಇದು ತಕ್ಕುದಲ್ಲ. ಅಂಥವರು ಹಿಂದೆ ವಾಹನ ಬರುವ, 60 ಅಥವಾ 80 ಕಿಲೋಮೀಟರಿನ ಈವೆಂಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಫೀಯಲ್ಲಿ ಕಾಣದ ಖರ್ಚು

ದೂರದ ಈವೆಂಟಿನಲ್ಲಿ ಎಂಟ್ರಿ ಫೀ ಒಟ್ಟು ಖರ್ಚಿನ ಚಿಕ್ಕ ಪಾಲಾಗಿರಬಹುದು. ನಂಬರನ್ನು ಹಿಂದಿನ ದಿನ ಸಂಜೆಯೊಳಗೆ ಖುದ್ದಾಗಿ ಬಂದು ಪಡೆಯಬೇಕು ಎಂಬ ಒಂದು ಸಾಲಿನ ನಿಯಮ ನಿಮ್ಮ ತಲೆಗೆ ಒಂದು ರಾತ್ರಿಯ ಬಾಡಿಗೆ ಕಟ್ಟುತ್ತದೆ. ಅಂಚೆಯಲ್ಲಿ ಕಳಿಸುವವರು, ಬೆಳಗ್ಗೆಯೇ ಕೊಡುವವರು ಅಷ್ಟರಮಟ್ಟಿಗೆ ಅಗ್ಗ. ವಿಮಾನವಾದರೆ ಸೈಕಲ್ ಪೆಟ್ಟಿಗೆಯ ಶುಲ್ಕ ಹೋಗಿಬರುವ ಎರಡೂ ಕಡೆಗೆ.

ಈವೆಂಟೇ ನಡೆಯದಿರಬಹುದು. 2017ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸೈಕಲ್ ಟೂರ್ ಭಾರೀ ಗಾಳಿಯಿಂದಾಗಿ ಅದೇ ದಿನ ಬೆಳಗ್ಗೆ ರದ್ದಾಯಿತು. ನಿಂತಿದ್ದ ಸವಾರರ ಕೈಯಿಂದ ಸೈಕಲ್ಲುಗಳನ್ನು ಗಾಳಿ ಕಿತ್ತುಕೊಳ್ಳುತ್ತಿತ್ತು, ನಿಲ್ಲಿಸಿದ್ದು ಸರಿಯಾದ ತೀರ್ಮಾನವೇ. ಆದರೆ ಅಷ್ಟು ಹೊತ್ತಿಗೆ ಆಯೋಜಕರ ಬಹುಪಾಲು ದುಡ್ಡು ಖರ್ಚಾಗಿರುತ್ತದೆ ಎಂಬುದನ್ನು ತಿಳಿದಿರಬೇಕು. ಹವಾಮಾನದ ಕಾರಣಕ್ಕೆ ರದ್ದಾದರೆ ಮರುಪಾವತಿ ಇಲ್ಲ ಎಂಬ ಷರತ್ತು ಹೆಚ್ಚು ಕಡೆ ಇರುವುದು ಇದೇ ಕಾರಣಕ್ಕೆ.

ನೀವೇ ಹೋಗಲಾಗದಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅರ್ಲಿ ಬರ್ಡ್ ರಿಯಾಯಿತಿಗೆ ಇದೇ ಅಳತೆಗೋಲು. ಪೂರ್ತಿ ಫೀ 100 ಪಾಲು, ಮೊದಲೇ ಕಟ್ಟಿದರೆ 80 ಎಂದಿಟ್ಟುಕೊಳ್ಳಿ. ಜ್ವರ, ಕೆಲಸ, ಮನೆಯ ಕಾರಣಗಳಿಂದ ನಾಲ್ಕು ಈವೆಂಟಿನಲ್ಲಿ ಒಂದು ತಪ್ಪುವಂತಿದ್ದರೆ ನಾಲ್ಕು ಸಲ 80 ಕಟ್ಟಿ ಮೂರು ಸಲ ತುಳಿಯುತ್ತೀರಿ. ಒಂದಕ್ಕೆ ಬೀಳುವುದು ಸುಮಾರು 107. ಕೊನೆಯ ವಾರ 100 ಕಟ್ಟಿದ್ದರೇ ಅಗ್ಗವಾಗುತ್ತಿತ್ತು. ರಿಯಾಯಿತಿಯ ಶೇಕಡಾವಾರು ನಿಮ್ಮ ತಪ್ಪಿಹೋಗುವ ಸಾಧ್ಯತೆಗಿಂತ ಹೆಚ್ಚಿದ್ದರೆ ಮಾತ್ರ ಬೇಗ ಕಟ್ಟಿ, ಇಲ್ಲವೇ ಜಾಗ ಬೇಗ ತುಂಬುವ ಈವೆಂಟಾಗಿರಬೇಕು. ಹೆಸರು ಬದಲಾಯಿಸಲು ಅಥವಾ ಮುಂದಿನ ವರ್ಷಕ್ಕೆ ಜಾಗ ವರ್ಗಾಯಿಸಲು ಅವಕಾಶವಿದ್ದರೆ ಈ ಲೆಕ್ಕ ಪೂರ್ತಿ ನಿಮ್ಮ ಕಡೆ ವಾಲುತ್ತದೆ. ಅದಕ್ಕೆ ಕೊನೆಯ ದಿನಾಂಕ ಸಾಮಾನ್ಯವಾಗಿ ಈವೆಂಟಿಗೆ ಕೆಲವು ವಾರ ಮುಂಚೆಯೇ ಮುಗಿಯುತ್ತದೆ. ದುಡ್ಡು ಕಟ್ಟಿದ ದಿನವೇ ಆ ದಿನಾಂಕವನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಡಿ.